ಸೋಮವಾರ ಯಾವ ಮರವೂ ಬರಲಿಲ್ಲ

“ಇನ್ನೊಂಚೂರು ಮೇಲಕ್ಕೆತ್ತಪ್ಪ, ಕತ್ತು ವಾಲ್ತಾ ಐತೆ,” ಎಂದಳು ಪಕ್ಕದ ಮನೆಯ ಕೆಂಪಕ್ಕ. ದಯಾನಂದ ಚಿಕ್ಕಪ್ಪನ ಗಲ್ಲದ ಕೆಳಗೆ ಕೈಕೊಟ್ಟು ಮುಖ ನೇರ ಮಾಡಿದ. ಜಗುಲಿಯ ಗೋಡೆಗೆ ಒತ್ತಿಸಿಟ್ಟ ಮರದ ಕುರ್ಚಿಯಲ್ಲಿ ಈರಣ್ಣನನ್ನು ಕೂರಿಸಿಯಾಗಿತ್ತು. ಹಣೆಗೆ ವಿಭೂತಿ ಬಳಿದು, ಕೊರಳಿಗೆ ಹಾರ ಹಾಕಿದ್ದರು. ಎದೆಗೆ ಬಿಳಿ ಪಂಚೆ ಸುತ್ತಿ ಕುರ್ಚಿಯ ಬೆನ್ನಿಗೆ ಕಟ್ಟುವುದೊಂದು ಬಾಕಿ ಇತ್ತು.

“ಬಿಗಿಯಾಗಿ ಕಟ್ಬ್ಯಾಡ ದಯಾ, ಅವ್ರಿಗೆ ಎದೆ ಬಿಗಿದ್ರೆ ಆಗಲ್ಲ,” ಎಂದಳು ಈರಣ್ಣನ ಹೆಂಡತಿ ಗಿರಿಜಮ್ಮ.

ಹೇಳಿದ ಮೇಲೆ ತಾನೇನು ಹೇಳಿದೆನೆಂದು ಅವಳಿಗೇ ಗೊತ್ತಾಯಿತು. ಸುತ್ತ ನಿಂತಿದ್ದ ಹೆಂಗಸರು ಅಲ್ಲಿಯವರೆಗೆ ತಡೆದುಕೊಂಡಿದ್ದ ಅಳುವನ್ನು ಒಮ್ಮೆಗೇ ಬಿಟ್ಟರು. ದಯಾನಂದ ಗಂಟು ಬಿಚ್ಚಿ, ಸಡಿಲವಾಗಿ ಇನ್ನೊಮ್ಮೆ ಹಾಕಿದ.

ಬದುಕಿದ್ದಾಗ ಈ ಜಗುಲಿಯ ಮೇಲೆ ಕುರ್ಚಿ ಎಳೆದುಕೊಂಡು ಕೂತವನೇ ಅಲ್ಲ ಈರಣ್ಣ. ಎಪ್ಪತ್ತು ವರ್ಷದ ಮನುಷ್ಯ. ಅಣ್ಣ ಮಲ್ಲಿಕಾರ್ಜುನಯ್ಯನವರು ಒಳಗಿಂದ ಕೆಮ್ಮಿದರೆ ಸಾಕು, ಮೆಟ್ಟಿಲ ಮೇಲಿದ್ದವನು ಎದ್ದು ನಿಲ್ಲುತ್ತಿದ್ದ. ಇವತ್ತು ಅಣ್ಣ ತೋಟದಲ್ಲಿ ಸಮಾಧಿಗೆ ಗುಣಿ ತೆಗೆಸುತ್ತಾ ಬಿಸಿಲಲ್ಲಿದ್ದಾರೆ, ತಮ್ಮ ಕುರ್ಚಿಯ ಮೇಲೆ ಕೂತು ಊರವರ ಕೈಯಲ್ಲಿ ನಮಸ್ಕಾರ ಮಾಡಿಸಿಕೊಳ್ಳುತ್ತಿದ್ದಾನೆ. ಬೆಳಗಿನ ಜಾವ ಎದೆ ಹಿಡಿದುಕೊಂಡು ಎದ್ದವನು ಬೆಳಕು ಹರಿಯುವಷ್ಟರಲ್ಲಿ ಮುಗಿದುಹೋಗಿದ್ದ. ಹೋಗುವಾಗಲೂ ಯಾರಿಗೂ ತೊಂದರೆ ಕೊಡಲಿಲ್ಲ ಎಂದು ಬಂದವರೆಲ್ಲ ಹೇಳುತ್ತಿದ್ದರು.

ಗಿರಿಜಮ್ಮನ ಸೊಂಟದಲ್ಲಿ ಸಿಕ್ಕಿಸಿದ್ದ ಮೊಬೈಲು ಅದುರಿತು. ಅವಳು ಎದ್ದು ನಡುಮನೆ ದಾಟಿ ಹಿತ್ತಲಿಗೆ ಹೋದಳು.

“ಅವ್ವ, ನಾಲೆ ಸೇತುವೆ ಹತ್ರ ಇದೀನಿ,” ಎಂದಳು ಮಗಳು ಆಶಾ. “ಎಷ್ಟೊತ್ತಿಗೆ ಎತ್ತುತ್ತಾರೆ?”

“ಮೂರು ಗಂಟೆಗೆ ಅಂದವ್ರೆ. ನೀನ್ಯಾವಾಗ ಬಂದ್ಯೇ?”

“ದಬ್ಬೇಘಟ್ಟದಲ್ಲಿ ಬಸ್ಸಿಳಿದು ಆಟೋದಲ್ಲಿ ಬಂದೆ. ಬಂದು ಆಗ್ಲೇ ಒಂದು ಗಂಟೆ ಆಯ್ತು. ದೊಡ್ಡಪ್ಪ ಏನಂದ್ರು?”

“ಇನ್ನೂ ಕೇಳಿಲ್ಲ ಕಣವ್ವ.”

“ಕೇಳು. ಬಾ ಅಂದ್ರೆ ಬತ್ತೀನಿ. ಇಲ್ಲಾಂದ್ರೆ ಅಪ್ಪನ ಮುಂದೆ ರಂಪ ಬೇಡ. ಇಲ್ಲಿಂದ್ಲೇ ಕೈ ಮುಗ್ದು ಹೋಗ್ತೀನಿ.”

ಹನ್ನೊಂದು ವರ್ಷದಿಂದ ಆಶಾಗೆ ಈ ಮನೆಯ ಹೊಸ್ತಿಲಿಲ್ಲ. ನಾಲ್ಕು ವರ್ಷದ ಹಿಂದೆ ದೊಡ್ಡಮ್ಮ ತೀರಿಕೊಂಡಾಗ ತಡೆಯಲಾರದೆ ಬಂದುಬಿಟ್ಟಿದ್ದಳು. ಮಲ್ಲಿಕಾರ್ಜುನಯ್ಯನವರು ಬೈಯಲಿಲ್ಲ, ಹೊಡೆಯಲಿಲ್ಲ. “ಆ ಹುಡುಗಿ ಬೀದಿ ದಾಟೋಗಂಟ ಎತ್ಬ್ಯಾಡಿ,” ಎಂದು ಹೆಂಡತಿಯ ಹೆಣದ ಪಕ್ಕ ಕಂಬಕ್ಕೊರಗಿ ಕೂತುಬಿಟ್ಟರು, ಅಷ್ಟೆ. ನೂರಾರು ಜನ ನೋಡುತ್ತಿದ್ದಂತೆ ಆಶಾ ಬೀದಿ ದಾಟಿದಳು. ಆವತ್ತು ಗಿರಿಜಮ್ಮ ಅವಳ ಬೆನ್ನು ನೋಡುತ್ತಾ ನಿಂತಿದ್ದಳು.

ಹಿಂದೆಯೇ ಬಂದಿದ್ದ ಕೆಂಪಕ್ಕ ಎಲ್ಲ ಕೇಳಿಸಿಕೊಂಡಿದ್ದಳು.

“ದಯಾ ಕೈಲಿ ಹೇಳ್ಸು.”

“ಕೇಳ್ದೆ ಕಣಕ್ಕ. ಅಪ್ಪನ ಮುಂದೆ ಆಶಾ ಹೆಸ್ರು ಎತ್ತೋಕೆ ನನ್ನ ಕೈಲಾಗಲ್ಲ ಚಿಕ್ಕಮ್ಮ ಅಂದ.”

ಕೆಂಪಕ್ಕ ದನಿ ಇಳಿಸಿದಳು. “ಈರಣ್ಣನಿಗೆ ಎಷ್ಟು ಸಲ ಮರ ಕನಸಿಗೆ ಬಂದಿಲ್ಲ ಹೇಳು. ಮಗಳಿಗೋಸ್ಕರ ಒಂದೇ ಒಂದು ಬೀಳ್ಬಾರ್ದಿತ್ತಾ? ನಿಂಗೇನಾದ್ರೂ ಬಿತ್ತೇನೇ ಗಿರಿಜಾ? ಬಿದ್ದಿದ್ರೆ ಹೋಗಿ ಹೇಳು. ಮರ ಅಂದ್ರೆ ನಿಮ್ಮ ಬಾವ ಎರಡನೇ ಮಾತಾಡಲ್ಲ.”

ಗಿರಿಜಮ್ಮ ತೊಟ್ಟಿಯ ನೀರಿನಲ್ಲಿ ಮುಖ ತೊಳೆದುಕೊಂಡಳು. ಗಂಟೆ ಒಂದಾಗಿತ್ತು.

*

ಆ ಮನೆಯಲ್ಲಿ ಮರ ಕನಸಿಗೆ ಬರುವುದೆಂದರೆ ಸಾಮಾನ್ಯ ವಿಷಯವಲ್ಲ.

ಮಲ್ಲಿಕಾರ್ಜುನಯ್ಯನವರಿಗೆ ಇಪ್ಪತ್ತು ವರ್ಷವಾಗಿದ್ದಾಗ ಒಂದು ಕನಸು ಬಿದ್ದಿತ್ತು. ತೋಟದ ಮೂಲೆಯ ಹಲಸಿನ ಮರ ಬೇರು ಮೇಲಾಗಿ ನಿಂತಿತ್ತು. ಎದ್ದವರು ನಕ್ಕು, ಯಾರಿಗೂ ಹೇಳದೆ, ಕೊಬ್ಬರಿ ಹೇರಿಕೊಂಡು ತಿಪಟೂರಿಗೆ ಗಾಡಿ ಹೊಡೆದರು. ಸಂಜೆ ವಾಪಸು ಬಂದಾಗ ಅಪ್ಪನನ್ನು ಇದೇ ಜಗುಲಿಯ ಮೇಲೆ ಕೂರಿಸಿದ್ದರು. ಆಗ ಈರಣ್ಣನಿಗೆ ಹನ್ನೊಂದು ವರ್ಷ. ತಮ್ಮನನ್ನು ಸಾಕಿ, ಬೈದು, ಬೆಳೆಸಿದ್ದೆಲ್ಲ ಅಣ್ಣನೇ.

ಅವತ್ತಿನಿಂದ ಮಲ್ಲಿಕಾರ್ಜುನಯ್ಯನವರ ಪಾಲಿಗೆ ಕನಸಿಗೆ ಬರುವುದು ಮರವಲ್ಲ, ಹಿರೀಕರು. ಹೊಂಬಾಳೆ ಒಡೆದದ್ದು ಕಂಡರೆ ಮನೆಯಲ್ಲಿ ಬಸಿರು, ಹುಣಸೆ ಕಂಡರೆ ಅಣ್ಣತಮ್ಮಂದಿರಲ್ಲಿ ಜಗಳ, ಬೇವು ಚಿಗುರಿದರೆ ಕಾಯಿಲೆ ವಾಸಿ, ತೆಂಗು ಒಣಗರಿ ಉದುರಿಸಿದರೆ ಹಿರಿಯರೊಬ್ಬರು ಹೊರಟರು ಅಂತ ಅರ್ಥ. ಸುತ್ತಲ ನಾಲ್ಕೂರಿನವರು ಮುಖ ತೊಳೆಯುವ ಮೊದಲು ಬಂದು ಅವರಿಗೆ ಕನಸು ಒಪ್ಪಿಸಿ ಹೋಗುತ್ತಿದ್ದರು. ಆದರೆ ಆ ಹಲಸಿನ ಮರ ಬಂದುಹೋದ ಮೇಲೆ ಅವರ ಸ್ವಂತ ಕನಸಿಗೆ ಒಂದು ಕಡ್ಡಿಯೂ ಬರಲಿಲ್ಲ. ಅಪ್ಪನಿಗೆ ನನ್ನ ಮೇಲೆ ಕೋಪ, ಅದಕ್ಕೇ ನನ್ನ ಹತ್ತಿರ ಮಾತಾಡಲ್ಲ ಎನ್ನುತ್ತಿದ್ದರು. ಊರನ್ನೇ ಹೆದರಿಸುವ ಮನುಷ್ಯ ಅದನ್ನು ಹೇಳುವಾಗ ಮಾತ್ರ ನೆಲ ನೋಡುತ್ತಿದ್ದರು.

ಅಪ್ಪ ಮಾತಾಡುತ್ತಿದ್ದದ್ದು ತಮ್ಮನ ಹತ್ತಿರ.

ಗಿರಿಜಮ್ಮ ಮದುವೆಯಾಗಿ ಬಂದ ಮರುವರ್ಷ. ಶೆಟ್ಟಿಕೆರೆಯಲ್ಲಿ ಅವಳ ತಾಯಿ ಹಾಸಿಗೆ ಹಿಡಿದಿದ್ದಾಳೆಂದು ಸುದ್ದಿ ಬಂತು. ಅಟ್ಟದಿಂದ ಕಾಯಿ ಇಳಿಸಿ ಕೊಬ್ಬರಿ ತೆಗೆಯುವ ಕಾಲ, ಮನೆ ತುಂಬಾ ಆಳುಕಾಳು. “ಕೆಲ್ಸ ಮುಗೀಲಿ, ಆಮೇಲೆ ಹೋಗ್ಲಿ,” ಎಂದರು ಭಾವ. ಈರಣ್ಣ ತಲೆಯಾಡಿಸಿ ಬಂದ. ಗಿರಿಜಮ್ಮ ಇಡೀ ರಾತ್ರಿ ಗೋಡೆ ಕಡೆ ತಿರುಗಿ ಮಲಗಿದಳು.

ಬೆಳಿಗ್ಗೆ ಈರಣ್ಣ ಬಾಯಲ್ಲಿ ಬೇವಿನ ಕಡ್ಡಿ ಇಟ್ಟುಕೊಂಡೇ ಅಣ್ಣನ ಮುಂದೆ ನಿಂತ. “ಅಣ್ಣಯ್ಯ, ರಾತ್ರಿ ಒಂದು ನೆಲ್ಲಿ ಮರ ಬಂದಿತ್ತು. ಯಾವ್ದೋ ಹಿತ್ಲು. ಎಲೆ ಎಲ್ಲ ಉದುರಿಹೋಗಿತ್ತು.”

“ಯಾರ ಹಿತ್ಲಲ್ಲೋ ನೆಲ್ಲಿ ಇರೋದು?”

“ಗೊತ್ತಿಲ್ಲ ಅಣ್ಣಯ್ಯ.”

“ನಮ್ಮವ್ವನ ಮನೆ ಹಿತ್ಲಲ್ಲಿ ಐತೆ,” ಎಂದು ಬಾಗಿಲ ಸಂದಿಯಿಂದ ಗಿರಿಜಮ್ಮ ಹೇಳಿದಳು. ಒಂದು ಗಂಟೆಯೊಳಗೆ ಎತ್ತು ಕಟ್ಟಿದರು. ಗಾಡಿಯಲ್ಲಿ ಅಳುತ್ತಾ ಹೊರಟವಳಿಗೆ ಕೆರೆ ಏರಿ ದಾಟಿದ ಮೇಲೆ ಈರಣ್ಣ ಹೇಳಿದ: “ಅಳ್ಬ್ಯಾಡ ಕಣೇ. ಮರಾನೂ ಇಲ್ಲ ಗಿರಾನೂ ಇಲ್ಲ. ನಾನು ರಾತ್ರಿಯೆಲ್ಲಾ ಕೊರಡಿನಂಗೆ ಬಿದ್ಕೊಂಡಿದ್ದೆ.”

ಅವಳು ಅವನ ಬೆನ್ನಿಗೆ ಎರಡು ಗುದ್ದಿದಳು. ಆಮೇಲೆ ನಗು ತಡೆಯಲಾಗಲಿಲ್ಲ. ತಾಯಿಯ ಪಕ್ಕ ಒಂಬತ್ತು ದಿನ ಕೂತಳು, ಹತ್ತನೆಯ ದಿನ ತಾಯಿ ಹೋದಳು. ಆ ಒಂಬತ್ತು ದಿನ ಕೊಟ್ಟ ಗಂಡನನ್ನು ಅವಳು ಸುಳ್ಳುಗಾರ ಅನ್ನಲಾರಳು.

ಆಮೇಲೆ ಅದೇ ದಾರಿಯಾಯಿತು. ಈರಣ್ಣನ ಜಾಣತನ ಎಲ್ಲಿತ್ತೆಂದರೆ, ಅವನು ಮರ ತರುತ್ತಿದ್ದ, ಅರ್ಥ ತರುತ್ತಿರಲಿಲ್ಲ. ಅರ್ಥ ಹೇಳುವುದು ಅಣ್ಣನ ಕೆಲಸ. ಆಶಾ ಏಳನೇ ಕ್ಲಾಸು ಮುಗಿಸಿದಾಗ, “ತೆಂಗಿನ ಸಸಿ ಅಣ್ಣಯ್ಯ, ಮಡಿಯಲ್ಲೇ ಬಲ್ತುಬುಟ್ಟಿತ್ತು, ಬೇರು ಒಂದಕ್ಕೊಂದು ಸುತ್ಕೊಂಡಿತ್ತು,” ಎಂದ. ಅಣ್ಣ ಎರಡು ದಿನ ಯೋಚಿಸಿ, ಸಸಿಯನ್ನು ಮಡಿಯಿಂದ ಕಿತ್ತು ಬೇರೆ ಕಡೆ ಇಡಬೇಕೆಂದು ತಾವೇ ತೀರ್ಮಾನಿಸಿ, ಹುಡುಗಿಯನ್ನು ತುರುವೇಕೆರೆಯ ಹಾಸ್ಟೆಲಿಗೆ ಸೇರಿಸಿ ಬಂದರು. ಬೋರು ಹಾಕಿಸಬೇಕಾದಾಗ ಅತ್ತಿ ಮರ ಬಂತು. ನೀರೂ ಸಿಕ್ಕಿತು.

“ಒಂದ್ಸಲ, ಒಂದೇ ಒಂದ್ಸಲ, ನಂಗಿದು ಬೇಕು ಅಣ್ಣಯ್ಯ ಅಂತ ಕೇಳಿ ನೋಡೋಣ,” ಎಂದು ಗಿರಿಜಮ್ಮ ಕೆಣಕುತ್ತಿದ್ದಳು.

“ನಂಗೆ ಬಾಯಿ ಬರಲ್ಲ ಕಣೇ,” ಎನ್ನುತ್ತಿದ್ದ.

*

ತೋಟದಲ್ಲಿ ಹುಚ್ಚರಂಗಯ್ಯ ಎದೆಮಟ್ಟದ ಗುಣಿಯೊಳಗೆ ನಿಂತು ಹಾರೆ ಹಾಕುತ್ತಿದ್ದ. ಮೂವತ್ತು ವರ್ಷ ಈರಣ್ಣನ ಜೊತೆಯಲ್ಲಿ ಕಾಯಿ ಸುಲಿದವನು ಅವನು. ಒಂದೊಂದು ಏಟಿಗೂ ಬಾಯಲ್ಲಿ ಏನೋ ಗೊಣಗುತ್ತಿದ್ದ.

“ಯಜಮಾನ್ರೇ, ಬರೀ ಬೇರೇ ಬತ್ತಾವೆ. ಇಷ್ಟು ಕಡುದ್ರೆ ಎರಡು ಮರ ಸೊರಗ್ತವೆ. ಆ ಕಡೆ ತೆಗ್ಯಾಣ್ವಾ?”

“ಸೊರಗ್ಲಿ ಬುಡು,” ಎಂದರು ಮಲ್ಲಿಕಾರ್ಜುನಯ್ಯ.

ಹುಚ್ಚರಂಗಯ್ಯ ಹಾರೆ ನಿಲ್ಲಿಸಿ ಅವರ ಮುಖ ನೋಡಿದ. ಒಂದು ಗರಿ ಹಸಿರಿದ್ದಾಗಲೇ ಬಿದ್ದರೆ ಮೂರು ದಿನ ಆಳುಗಳ ಮೇಲೆ ಹರಿಹಾಯುವ ಮನುಷ್ಯ. ಈಗ ಮರದ ಬುಡದ ಕಲ್ಲಿನ ಮೇಲೆ ಟವೆಲು ಹಾಸಿಕೊಂಡು ಕೂತು, ಮಗ ತಂದಿಟ್ಟ ಎಳನೀರನ್ನು ಮುಟ್ಟಿಯೂ ಇರಲಿಲ್ಲ.

“ದಯಾ,” ಎಂದರು. “ನಿಮ್ಮ ಚಿಕ್ಕಮ್ಮನ್ನ ಒಂದು ಮಾತು ಕೇಳ್ಕೊಂಡು ಬಾ. ಈರಂಗೆ ಈ ಎರಡು ಮೂರು ದಿವ್ಸದಲ್ಲಿ ಕನಸು ಏನಾದ್ರೂ ಬಿದ್ದಿತ್ತಾ ಅಂತ. ಅವ್ರ ಹತ್ರ ಏನಾದ್ರೂ ಅಂದಿದ್ನಾ ಅಂತ.”

“ಈಗ್ಯಾಕಪ್ಪಾ ಅದೆಲ್ಲ?”

“ಕೇಳ್ಕೊಂಡು ಬಾ ಅಂದ್ನಲ್ಲ.”

ದಯಾನಂದ ಹೋಗಿ ಕೇಳಿದ. ಗಂಡನ ಕಾಲ ಹತ್ತಿರ ಕೂತಿದ್ದ ಗಿರಿಜಮ್ಮ ಎದ್ದು ಸೆರಗು ಸರಿಮಾಡಿಕೊಂಡಳು. “ನಾನೇ ಹೇಳ್ತೀನಿ ನಡಿ,” ಎಂದು ಚಪ್ಪಲಿ ಇಲ್ಲದ ಕಾಲಲ್ಲಿ ತೋಟದ ದಾರಿ ಹಿಡಿದಳು. ಗಂಡನ ಹೆಣ ಜಗುಲಿಯ ಮೇಲಿರುವಾಗ ಹೆಂಡತಿ ಎದ್ದು ಹೋಗುವುದನ್ನು ಆ ಬೀದಿ ಕಂಡಿರಲಿಲ್ಲ. ಹೆಂಗಸರು ಬಾಯಿ ಮೇಲೆ ಕೈ ಇಟ್ಟುಕೊಂಡರು.

ದಾರಿಯುದ್ದಕ್ಕೂ ಅವಳು ಮರ ಹುಡುಕುತ್ತಿದ್ದಳು. ಯಾವ ಮರ ಹೇಳಿದರೆ ಮಗಳು ಬರುತ್ತಾಳೆ? ಬೇವೋ, ಬಿಲ್ವವೋ? ಗಂಡನಾಗಿದ್ದರೆ ಹಲ್ಲುಜ್ಜುವಷ್ಟರಲ್ಲಿ ಹುಡುಕಿಬಿಡುತ್ತಿದ್ದ.

*

ಮಗಳಿಗೆ ಗುಟ್ಟು ಹೇಳಿದವಳು ಗಿರಿಜಮ್ಮನೇ. ಹುಡುಗಿ ಡಿಗ್ರಿ ಓದುವಾಗ ಒಂದು ದಿನ ಅವರೆಕಾಯಿ ಬಿಡಿಸುತ್ತಾ ಬಾಯಿ ತಪ್ಪಿ, ನೆಲ್ಲಿ ಮರದ ಕತೆ ಹೇಳಿ ನಗಿಸಿದ್ದಳು. “ಅಪ್ಪ ಇಷ್ಟೊಂದು ಕಳ್ಳನಾ?” ಎಂದು ಆಶಾ ಕಣ್ಣಲ್ಲಿ ನೀರು ಬರುವಂತೆ ನಕ್ಕಿದ್ದಳು.

ಮರುವರ್ಷ ಮಾಯಸಂದ್ರದಿಂದ ಗಂಡು ನೋಡಲು ಬಂದರು. ಆಶಾಗೆ ನರ್ಸಿಂಗ್ ಓದುವ ಆಸೆ. ಅಪ್ಪನ ಹತ್ತಿರ ಹೇಳಿದಳು. ಅವನು ಮರ ಹುಡುಕುತ್ತಾ ತಡಮಾಡಿದ. ಅವಳಿಗೆ ತಡೆಯಲಾಗಲಿಲ್ಲ. ಒಂದು ಬೆಳಿಗ್ಗೆ ತಾನೇ ದೊಡ್ಡಪ್ಪನ ಮುಂದೆ ನಿಂತು, “ಒಂದು ತೆಂಗಿನ ಮರ ಬಂದಿತ್ತು ದೊಡ್ಡಪ್ಪ, ಸುಳಿ ಮುರ್ದು ಬಿದ್ದಿತ್ತು,” ಎಂದಳು. ದೊಡ್ಡಪ್ಪ ಅವತ್ತೇ ಮಾಯಸಂದ್ರಕ್ಕೆ ಫೋನು ಮಾಡಿ ಮಾತು ನಿಲ್ಲಿಸಿದರು.

ವಯಸ್ಸಿನ ಹುಡುಗಿ, ಗೆದ್ದ ಖುಷಿ. ಹಿತ್ತಲಲ್ಲಿ ಬಟ್ಟೆ ಹಿಂಡುತ್ತಾ ದೊಡ್ಡಪ್ಪನ ಮಗಳು ಸೌಂದರ್ಯಳ ಮುಂದೆ ಹೇಳಿಕೊಂಡು ನಕ್ಕಳು. ಬಚ್ಚಲ ಗೋಡೆಯ ಆಚೆ ದೊಡ್ಡಪ್ಪ ಕಾಲು ತೊಳೆಯುತ್ತಿದ್ದರು.

ಜಗುಲಿಯ ಮೇಲೆ ಎಲ್ಲರನ್ನೂ ನಿಲ್ಲಿಸಿದರು. “ಬೇರೆ ಏನು ಸುಳ್ಳು ಹೇಳಿದ್ರೂ ತಡ್ಕೋತಿದ್ದೆ. ಇವ್ಳು ನಮ್ಮಪ್ಪನ ಬಾಯಲ್ಲಿ ಸುಳ್ಳು ಹೇಳಿಸವ್ಳೆ. ಮರದ ಮೇಲೆ ಸುಳ್ಳು ಹೇಳ್ದೋರಿಗೆ ಈ ಮನೇಲಿ ಜಾಗ ಇಲ್ಲ.” ಆಶಾ ದೊಡ್ಡಪ್ಪನನ್ನು ನೋಡಲಿಲ್ಲ, ಅಪ್ಪನನ್ನು ನೋಡಿದಳು. ಅವಳು ಒಂದು ಮಾತು ಅಂದಿದ್ದರೆ ಸಾಕಿತ್ತು. ಅಪ್ಪನಿಂದಲೇ ಕಲಿತೆ ಅಂದಿದ್ದರೂ ಸಾಕಿತ್ತು. ಅನ್ನಲಿಲ್ಲ. ಈರಣ್ಣ ಕಂಬದ ಬುಡ ನೋಡುತ್ತಾ ನಿಂತಿದ್ದ. ಹುಡುಗಿ ಅಪ್ಪನ ಕಳ್ಳತನವನ್ನೂ ತನ್ನ ಚೀಲದಲ್ಲಿ ತುಂಬಿಕೊಂಡು ಸಂಜೆ ಬಸ್ಸಿಗೆ ಹೋದಳು.

ಹಾಸನದಲ್ಲಿ ಓದಿ ನರ್ಸಾದಳು, ಅಲ್ಲೇ ಮದುವೆಯಾದಳು. ಈರಣ್ಣನಿಗೆ ಆಮೇಲೆ ಒಂದು ಮರವೂ ಬರಲಿಲ್ಲ. ಗಿರಿಜಮ್ಮ ಅತ್ತಳು, ಬೈದಳು. “ಕಂಡೋರಿಗೆಲ್ಲ ಮರ ತಂದ್ರಲ್ಲ, ಹೆತ್ತ ಮಗಳಿಗೆ ಒಂದು ತರಕ್ಕೆ ಏನು ಬಂದೈತೆ ನಿಮ್ಗೆ?”

“ಅವ್ಳ ವಿಷ್ಯಕ್ಕೆ ಮರದ ಹೆಸ್ರು ಎತ್ತಲಾರೆ ಕಣೇ. ಬಾಯಿ ಸುಟ್ಟೋಗ್ತದೆ.”

“ಹಂಗಾದ್ರೆ ನೇರವಾಗಿ ಕೇಳಿ. ಗಂಡ್ಸಲ್ವಾ ನೀವು?”

ಹನ್ನೊಂದು ವರ್ಷದಲ್ಲಿ ಇದನ್ನು ಎಷ್ಟು ಸಲ ಅಂದಿದ್ದಳೋ. ಕಳೆದ ಭಾನುವಾರವೂ ಅಂದಿದ್ದಳು. ಅವನು ಉಣ್ಣುತ್ತಿದ್ದ ಕೈ ನಿಲ್ಲಿಸಿ ಅವಳನ್ನೇ ನೋಡಿ, ಮತ್ತೆ ಉಂಡಿದ್ದ.

*

ಭಾವನ ಎದುರಿಗೆ ನಿಂತು ಗಿರಿಜಮ್ಮ ಎಂದೂ ಮಾತಾಡಿದವಳಲ್ಲ. ಬಾಗಿಲ ಮರೆಯೇ ಅವಳ ಜಾಗ. ಈಗ ಗುಣಿಯ ಮಣ್ಣಿನ ಗುಡ್ಡೆಯ ಪಕ್ಕ ಬಂದು ನಿಂತಳು. ಅವರು ಗಾಬರಿಯಿಂದ ಎದ್ದರು.

“ಬಾವ, ಬೆಳಗಿನ ಜಾವ ನಂಗೊಂದು...”

“ಮರವಾ?” ಎಂದರು ಮಲ್ಲಿಕಾರ್ಜುನಯ್ಯ. ಎಪ್ಪತ್ತೊಂಬತ್ತು ವರ್ಷದ ಮುಖ ಒಮ್ಮೆಗೇ ಎಳೆಯದಾಯಿತು. “ಯಾವ ಮರ ಹೇಳವ್ವ. ನಮ್ಮ ಹಲಸಾ? ಏನಂತು?”

ಆ ಮುಖ ನೋಡಿ ಸುಳ್ಳು ಹೇಳಲು ಅವಳಿಗೆ ಮನಸ್ಸಾಗಲಿಲ್ಲ. ಅಷ್ಟೇ ಅಲ್ಲ. ಇದೇ ಸುಳ್ಳಿಗೆ ಬೀದಿಪಾಲಾದ ಮಗಳನ್ನು ಇದೇ ಸುಳ್ಳು ಹೇಳಿ ಒಳಗೆ ಕರೆದರೆ, ಅವಳು ಮಾಡಿದ್ದು ತಪ್ಪೆಂದೇ ಉಳಿಯುತ್ತದೆ. ಗಿರಿಜಮ್ಮನಿಗೆ ಸಿಟ್ಟು ಬಂತು. ಗಂಡನ ಮೇಲೆ, ಭಾವನ ಮೇಲೆ, ಭೂಮಿ ಮೇಲೆ ಬೆಳೆದ ಮರಗಳೆಲ್ಲದರ ಮೇಲೆ.

“ಯಾವ ಮರಾನೂ ಬಂದಿಲ್ಲ ಬಾವ. ಬೆಳಗಿನ ಜಾವ ನಾನು ಅವ್ರ ಎದೆ ನೀವ್ತಾ ಕೂತಿದ್ದೆ, ನಿದ್ದೆ ಎಲ್ಲಿಂದ ಬರ್ಬೇಕು? ನನ್ನ ಮಗಳು ನಾಲೆ ಸೇತುವೆ ಹತ್ರ ಕೂತವ್ಳೆ. ಅಪ್ಪನ ಮುಖ ನೋಡ್ಬೇಕು. ನಾನು ಕೇಳ್ತಾ ಇದೀನಿ.”

ಅವರ ಮುಖ ಮತ್ತೆ ಮುಚ್ಚಿಕೊಂಡಿತು. “ಅವ್ಳು ಮರದ ಮೇಲೆ ಸುಳ್ಳು ಹೇಳ್ದೋಳು.”

“ಅವ್ಳೊಬ್ಳೇ ಅಲ್ಲ ಬಾವ. ನಿಮ್ಮ ತಮ್ಮಂಗೆ ಜೀವಮಾನದಲ್ಲಿ ಒಂದು ಮರಾನೂ ಕನಸಿಗೆ ಬಂದಿಲ್ಲ. ನಿಮ್ಮನ್ನ ಕೇಳಕ್ಕೆ ಹೆದ್ರಿಕೆ. ಅದಕ್ಕೆ ಮರ ತತ್ತಿದ್ರು.”

ಹುಚ್ಚರಂಗಯ್ಯನ ಹಾರೆ ನಿಂತಿತು. ದಯಾನಂದ “ಚಿಕ್ಕಮ್ಮಾ” ಎಂದು ಒಂದು ಹೆಜ್ಜೆ ಮುಂದೆ ಬಂದು, ಅಲ್ಲೇ ನಿಂತ.

“ನೆಲ್ಲಿ?” ಎಂದರು ಮಲ್ಲಿಕಾರ್ಜುನಯ್ಯ.

“ಸುಳ್ಳು.”

“ಮಡಿಯಲ್ಲಿ ಬಲ್ತಿದ್ದ ಸಸಿ?”

“ಅದೂ ಸುಳ್ಳು ಬಾವ.”

“ಅತ್ತಿ ಮರ? ನೀರು ಬಿತ್ತಲ್ಲ.”

“ನೀರು ಬಿತ್ತು. ಮರ ಇರ್ಲಿಲ್ಲ.”

ಅವರು ಕಲ್ಲಿನ ಮೇಲೆ ಕೂತರು. ಯಾರನ್ನು ಕೇಳುತ್ತಿದ್ದಾರೆಂದು ಗೊತ್ತಾಗದಂತೆ ಕೇಳಿದರು: “ಹಂಗಾದ್ರೆ ನಮ್ಮಪ್ಪ ಒಂದ್ಸಲಾನೂ ಬಂದಿಲ್ವಾ?”

ಗಿರಿಜಮ್ಮನ ಸಿಟ್ಟು ಇಳಿದುಹೋಯಿತು. ಬೈದಿದ್ದರೆ, ಕೂಗಾಡಿದ್ದರೆ ಎದುರಿಸಲು ಗಟ್ಟಿ ಮಾಡಿಕೊಂಡು ಬಂದಿದ್ದಳು. ಅವರು ಟವೆಲಿನ ತುದಿಯನ್ನು ಸುತ್ತುತ್ತಾ, ಬಿಚ್ಚುತ್ತಾ ಕೂತಿದ್ದರು.

“ಸೋಮವಾರ ಬಂದಿದ್ದ,” ಎಂದರು. “ನಾನು ಪೂಜೆ ಮುಗ್ಸಿ ಎದ್ದಿದ್ದೆ. ಆಶಾನ ಕರೆಸಾಣ ಅಣ್ಣಯ್ಯ ಅಂದ.”

“ಯಾರು?”

“ಈರ. ಹಂಗೇ ನಿಂತ್ಕೊಂಡು, ನನ್ನ ಮುಖ ನೋಡ್ಕೊಂಡು ಅಂದ. ಯಾವ ಮರ ಕಂಡ್ಯೋ ಅಂದೆ. ಯಾವ್ದೂ ಇಲ್ಲ ಅಣ್ಣಯ್ಯ, ನಾನೇ ಕೇಳ್ತಾ ಇದೀನಿ ಅಂದ.” ಅವರು ಉಸಿರು ತೆಗೆದುಕೊಂಡರು. “ನಾನು ಹನ್ನೊಂದು ವರ್ಷದಿಂದ ಕಾಯ್ತಾನೇ ಇದ್ದೆ ಗಿರಿಜಮ್ಮ. ಯಾವತ್ತಾದ್ರೂ ಒಂದು ಮರ ಬತ್ತದೆ, ಅಪ್ಪ ಒಪ್ತಾನೆ, ಹುಡ್ಗಿನ ಕರ್ಸಾಣ ಅಂತ. ಈರ ಮರ ಇಲ್ಲ ಅಂದ. ಹಂಗಾದ್ರೆ ಹಿರೀಕರಿಗೆ ಇಷ್ಟ ಇಲ್ಲ ಅಂತಾಯ್ತು, ಬುಡು ಅಂದೆ. ತಲೆ ಆಡ್ಸಿ ಹೊಂಟೋದ.”

ಗಿರಿಜಮ್ಮ ಮಣ್ಣಿನ ಗುಡ್ಡೆಯ ಮೇಲೆ ಕೈಯೂರಿ ಕೂತಳು. ಸೋಮವಾರ ಮಧ್ಯಾಹ್ನ ಅವನು ಊಟ ಬೇಡವೆಂದಿದ್ದು ನೆನಪಾಯಿತು. ಯಾಕೆ ಎಂದರೆ ಸುಮ್ಮನೆ ಅಂದಿದ್ದ. ನಾನು ಕೇಳಿದೆ ಕಣೇ ಅಂತ ಹೆಂಡತಿಗೂ ಹೇಳದೆ ಸತ್ತಿದ್ದ. ಅವಳು ಬೆಳಗಿನಿಂದ ಅತ್ತಿರಲಿಲ್ಲ. ಈಗ ಅತ್ತಳು, “ಕೇಳಿದ್ರಾ? ಅವ್ರು ಕೇಳಿದ್ರಾ?” ಎನ್ನುತ್ತಾ, ಜೋರಾಗಿ, ಭಾವ ಇದ್ದಾರೆಂದೂ ನೋಡದೆ.

*

ಎರಡೂವರೆಗೆ ಮಲ್ಲಿಕಾರ್ಜುನಯ್ಯನವರು ನಾಲೆ ಏರಿಯ ಮೇಲೆ ನಡೆಯುತ್ತಿದ್ದರು. “ಬೈಕ್ ತತ್ತೀನಿ ಇರಪ್ಪಾ,” ಎಂದ ಮಗನಿಗೆ ಬೇಡವೆಂದು ಕೈಯಾಡಿಸಿದ್ದರು. ಮೂರು ಕಡೆ ನಿಂತು ಮಂಡಿ ಹಿಡಿದುಕೊಂಡರು. ಹತ್ತು ಹೆಜ್ಜೆ ಹಿಂದೆ ಗಿರಿಜಮ್ಮ.

ಸೇತುವೆಯ ಕಟ್ಟೆಯ ಮೇಲೆ ಕೂತಿದ್ದ ಆಶಾ ದೊಡ್ಡಪ್ಪನನ್ನು ಕಂಡು ಎದ್ದು ಚೀಲ ಹೆಗಲಿಗೆ ಹಾಕಿಕೊಂಡಳು. ಹೊರಡು ಅನ್ನಲು ಬರುತ್ತಿದ್ದಾರೆ ಎಂದುಕೊಂಡಳು. ಮೂವತ್ತಮೂರು ವರ್ಷಕ್ಕೇ ಮುಂದಲೆಯಲ್ಲಿ ನಾಲ್ಕು ಬಿಳಿಕೂದಲು. ಮಲ್ಲಿಕಾರ್ಜುನಯ್ಯನವರು ಅದನ್ನೇ ನೋಡುತ್ತಾ ನಿಂತರು.

“ಬಿಸ್ಲಲ್ಲಿ ಕೂತಿದ್ಯಲ್ಲವ್ವ,” ಎಂದರು.

“ಪರ್ವಾಗಿಲ್ಲ ದೊಡ್ಡಪ್ಪ.”

“ಬಾ, ಹೋಗಾಣ.” ಅವಳು ಕದಲಲಿಲ್ಲ. ಅವರು ಗಂಟಲು ಸರಿಮಾಡಿಕೊಂಡರು. “ಸೋಮವಾರ... ಸೋಮವಾರ ನಿಮ್ಮಪ್ಪಂಗೆ ಕನಸು ಬಿದ್ದಿತ್ತು ಕಣವ್ವ. ತೆಂಗಿನ ಮರ. ಸುಳಿ ಮುರ್ದೋಗಿದ್ದು ತಿರ್ಗಾ ಚಿಗುರಿತ್ತಂತೆ. ಬಂದು ಹೇಳ್ದ. ನಾನು ಕರ್ಸಾಣ ಬುಡು ಅಂದೆ. ಅಷ್ಟ್ರಲ್ಲಿ ಹಿಂಗಾಗೋಯ್ತು.”

ಎಂಬತ್ತರ ಹತ್ತಿರ ಬಂದ ಮನುಷ್ಯ, ಜೀವನದಲ್ಲಿ ಮೊದಲ ಸಲ ಮರದ ಮೇಲೆ ಸುಳ್ಳು ಹೇಳಿದ. ಚೆನ್ನಾಗಿಯೇ ಹೇಳಿದ. ಆಶಾಳ ತುಟಿ ನಗುವಿಗೂ ಅಳುವಿಗೂ ನಡುವೆ ಅದುರಿತು. ಅವಳು ತಾಯಿಯ ಕಡೆ ನೋಡಿದಳು. ಅಪ್ಪ ಕೊನೆಗೂ ನನಗೊಂದು ಮರ ತಂದನಾ ಎಂಬಂತೆ.

“ಬ್ಯಾಡ ಬಾವ,” ಎಂದಳು ಗಿರಿಜಮ್ಮ. ದನಿ ಏರಿಸಲಿಲ್ಲ. “ಇಡೀ ಜೀವಮಾನಕ್ಕೆ ಒಂದ್ಸಲ ಬಾಯ್ಬಿಟ್ಟು ಕೇಳವ್ರೆ. ಅದನ್ನೂ ಮರಕ್ಕೆ ಕೊಡ್ಬ್ಯಾಡಿ.”

ಮಲ್ಲಿಕಾರ್ಜುನಯ್ಯ ನಾಲೆಯ ನೀರು ನೋಡಿದರು. ಆಮೇಲೆ ಆಶಾಳ ಕಡೆ ತಿರುಗಿದರು.

“ಕನಸಲ್ಲ ಕಣವ್ವ. ಕೇಳ್ದ. ನನ್ನ ಮಗಳನ್ನ ಕರ್ಸು ಅಂತ ನೆಟ್ಟಗೆ ನಿಂತು ಕೇಳ್ದ. ನಾನು ಒಲ್ಲೆ ಅಂದೆ.”

“ಅಪ್ಪ ಕೇಳಿದ್ರಾ?”

“ಹೂಂ.”

“ಮರ ಗಿರ ಏನೂ ಇಲ್ದೆ?”

“ಏನೂ ಇಲ್ದೆ.”

ಆಶಾ ಕಟ್ಟೆಯ ಮೇಲೆ ಕುಸಿದು ಕೂತಳು. ಚೀಲ ನೆಲಕ್ಕೆ ಬಿತ್ತು. ದೊಡ್ಡಪ್ಪ ಬಗ್ಗಿ, ನರಳುತ್ತಾ, ಅದನ್ನೆತ್ತಿ ತಮ್ಮ ಹೆಗಲಿಗೆ ಹಾಕಿಕೊಂಡರು. ಅವಳು ಅತ್ತು ಮುಗಿಸುವವರೆಗೂ ಹಾಗೇ ನಿಂತಿದ್ದರು. ಮೂರು ಗಂಟೆ ಮೀರಿತು. ತಮಟೆಯವರು ಕಾದರು, ಸಂಸ್ಕಾರ ಮಾಡಿಸುವ ಅಯ್ಯನವರು ಕಾದರು, ಯಾರೂ ಎತ್ತಲಿಲ್ಲ.

ಜಗುಲಿ ಹತ್ತಿದ ಆಶಾ ಎಲ್ಲರೂ ಮಾಡುವಂತೆ ಕಾಲು ಮುಟ್ಟಲಿಲ್ಲ. ಅಪ್ಪನ ಪಕ್ಕ ಮಂಡಿಯೂರಿ ಕೂತು, ದಿನಾ ನೂರು ಜನರ ಕೈ ಹಿಡಿದ ಅಭ್ಯಾಸಕ್ಕೋ ಏನೋ, ಅವನ ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟಳು. ಒಂದು ನಿಮಿಷದವರೆಗೂ ತೆಗೆಯಲಿಲ್ಲ. ಕೆಂಪಕ್ಕ ಮುಖ ತಿರುಗಿಸಿಕೊಂಡಳು.

ಇಳಿಬಿಸಿಲಿನಲ್ಲಿ ಗುಣಿಯೊಳಗೆ ಈರಣ್ಣನನ್ನು ಇಳಿಸಿ ಪದ್ಮಾಸನದಲ್ಲಿ ಕೂರಿಸಿದರು. ಹುಚ್ಚರಂಗಯ್ಯ ಗೋಡೆಯಿಂದ ಚಾಚಿಕೊಂಡಿದ್ದ ಬೇರಿನ ತುದಿಗಳು ಮುಖಕ್ಕೆ ತಾಗದಂತೆ ಒತ್ತಿ ಸರಿಸಿ ಮೇಲೆ ಬಂದ. ಅಯ್ಯನವರು ಮಂತ್ರ ಹೇಳಿ, ವಿಭೂತಿಗಟ್ಟಿ, ಬಿಲ್ವಪತ್ರೆ ಹಾಕಿಸಿ, “ಮನೆಗೆ ಹಿರಿಯರು ಮೊದಲು ಮಣ್ಣು ಕೊಡಿ,” ಎಂದರು.

ಮಲ್ಲಿಕಾರ್ಜುನಯ್ಯನವರು ಬಗ್ಗಿ ಎರಡೂ ಕೈತುಂಬ ಮಣ್ಣು ತೆಗೆದುಕೊಂಡರು. ಗುಣಿಯ ಅಂಚಿಗೆ ಹೋಗಲಿಲ್ಲ. ಎರಡು ಹೆಜ್ಜೆ ಹಿಂದಕ್ಕೆ ಸರಿದು ಆಶಾಗೆ ದಾರಿ ಬಿಟ್ಟು ನಿಂತರು. ಜನ ಒಬ್ಬರ ಮುಖ ಒಬ್ಬರು ನೋಡಿದರು.

ಆಶಾ ಅಂಚಿನಲ್ಲಿ ಕೂತು ಅಪ್ಪನ ಹತ್ತಿರ ಏನೋ ಮಾತಾಡುತ್ತಿದ್ದಳು. ಯಾರಿಗೂ ಕೇಳಿಸುತ್ತಿರಲಿಲ್ಲ, ಅವಳಿಗೆ ಆತುರವೂ ಇರಲಿಲ್ಲ. ಅವಳ ಬೆನ್ನ ಹಿಂದೆ ಮುದುಕ ಬೊಗಸೆ ಹಿಡಿದು ನಿಂತೇ ಇದ್ದರು. ಒಣ ಮಣ್ಣು ಬೆರಳ ಸಂದಿಯಿಂದ ಸ್ವಲ್ಪ ಸ್ವಲ್ಪವೇ ಸೋರಿ ಬರಿಗೈಯಾಯಿತು. ಅವರು ಮಂಡಿ ಹಿಡಿದುಕೊಂಡು ಬಗ್ಗಿ, ಇನ್ನೊಮ್ಮೆ ತುಂಬಿಕೊಂಡು ನಿಂತರು.